ಹೃದಯ ಪುನಶ್ಚೇತನ: ರೋಗಿ ಕಳಿಸಿದ ಅಂಕಿಯನ್ನು ನೋಡುವವರು ಯಾರು?

ಹೃದ್ರೋಗ ವಿಭಾಗಗಳ ಮುಖ್ಯಸ್ಥರಿಗೆ, ಆರೋಗ್ಯ ಇಲಾಖೆಗಳ ಅಧಿಕಾರಿಗಳಿಗೆ, ವಿಮಾ ಯೋಜನೆಗಳನ್ನು ರೂಪಿಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಆದವರಿಗೆ ಬೇಕಾದ ಪುನಶ್ಚೇತನವನ್ನು, ಅಂದರೆ ಚೇತರಿಕೆಗಾಗಿ ನಿಗಾದಲ್ಲಿ ಮಾಡಿಸುವ ವ್ಯಾಯಾಮ ಮತ್ತು ಸಲಹೆಯನ್ನು, ಕೇಂದ್ರಕ್ಕೆ ಕರೆಸಿ ಕೊಡಬೇಕೋ, ಫೋನಿನ ಮೂಲಕ ಮನೆಗೇ ಮುಟ್ಟಿಸಬೇಕೋ ಎಂಬ ಚರ್ಚೆ 2020ರಿಂದ ಜೋರಾಗಿದೆ. ಕೋವಿಡ್ ಕಾಲದಲ್ಲಿ ಕೇಂದ್ರಗಳ ಬಾಗಿಲು ಮುಚ್ಚಿದಾಗ ಅನಿವಾರ್ಯವಾಗಿ ಹಬ್ಬಿದ ದೂರದ ಕಾರ್ಯಕ್ರಮಗಳು ಹಲವೆಡೆ ಹಾಗೆಯೇ ಉಳಿದವು. ಈಗ "ಆ್ಯಪ್ ಇರುವಾಗ ಕೇಂದ್ರ ಯಾಕೆ" ಎನ್ನುವವರಿದ್ದಾರೆ, "ಆ್ಯಪನ್ನು ನಂಬಿ ರೋಗಿಯನ್ನು ಬಿಡಲಾಗದು" ಎನ್ನುವವರೂ ಇದ್ದಾರೆ. ನಾವು ಈ ಎರಡೂ ಬಗೆಯ ಕಾರ್ಯಕ್ರಮಗಳಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್‌ಗಳು ಮತ್ತು ನರ್ಸ್‌ಗಳು. ಎರಡೂ ಕಡೆಯ ರೋಗಿಗಳು ಹೇಳುವುದನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟ. ತಮ್ಮ ನಾಡಿ, ಬಿಪಿ, ದಣಿವು, ಭಯ ಇವನ್ನು ಹೆಸರು ಗೊತ್ತಿರುವ ಒಬ್ಬರು ನೋಡುತ್ತಿದ್ದಾರೆ, ಕೇಳಿದರೆ ಹೊತ್ತಿಗೆ ಸರಿಯಾಗಿ ಉತ್ತರ ಸಿಗುತ್ತದೆ ಎಂಬ ನಂಬಿಕೆ ಇರುವಲ್ಲಿ ರೋಗಿ ಉಳಿಯುತ್ತಾರೆ. ಅದಿಲ್ಲದಿದ್ದರೆ ಎಂಥ ಒಳ್ಳೆಯ ಟ್ರೆಡ್‌ಮಿಲ್ ಇದ್ದರೂ, ಎಂಥ ಚೆಂದದ ಆ್ಯಪ್ ಇದ್ದರೂ ಬಿಟ್ಟುಹೋಗುತ್ತಾರೆ.

ಪುನಶ್ಚೇತನದಿಂದ ಲಾಭವಿದೆಯೇ ಎಂಬ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಗಿದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆ 85 ಪ್ರಯೋಗಗಳ 23,000ಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಕಲೆಹಾಕಿತು. ವ್ಯಾಯಾಮ ಆಧಾರಿತ ಪುನಶ್ಚೇತನದಿಂದ ಹೃದಯ ಸಂಬಂಧಿ ಸಾವು, ಮರು ಹೃದಯಾಘಾತ, ಮತ್ತೆ ಆಸ್ಪತ್ರೆ ಸೇರುವುದು ಎಲ್ಲವೂ ಕಡಿಮೆಯಾಗುತ್ತವೆ ಎಂದು ಅದು ಹೇಳುತ್ತದೆ. ಮನೆಯಲ್ಲಿ ಮಾಡುವುದನ್ನೂ ಕೇಂದ್ರದಲ್ಲಿ ಮಾಡುವುದನ್ನೂ ಹೋಲಿಸಿದ ಇನ್ನೊಂದು ಕಾಕ್ರೇನ್ ವಿಮರ್ಶೆಯ ಪ್ರಕಾರ, ಒಂದು ವರ್ಷದವರೆಗಿನ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಈ ಎರಡನೆಯ ಮಾತನ್ನು ಯೋಜನೆಯ ಕಡತಗಳಲ್ಲಿ ಆಗಾಗ ಉಲ್ಲೇಖಿಸುತ್ತಾರೆ. ಆದರೆ ಆ ಪ್ರಯೋಗಗಳಲ್ಲಿ "ಮನೆ" ಎಂದರೆ ಏನಿತ್ತು ಎಂಬುದನ್ನು ಓದುವವರು ಕಡಿಮೆ. ಮೊದಲ ತಪಾಸಣೆ, ಬರೆದುಕೊಟ್ಟ ವ್ಯಾಯಾಮ, ತರಬೇತಾದ ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಮಾಡುತ್ತಿದ್ದ ಫೋನ್ ಕರೆ ಇಲ್ಲವೇ ಭೇಟಿ, ಇವೆಲ್ಲ ಸಾಮಾನ್ಯವಾಗಿ ಅದರ ಭಾಗ. ನ್ಯೂಜಿಲೆಂಡಿನ ರಿಮೋಟ್-ಸಿಆರ್ ಪ್ರಯೋಗದಲ್ಲಿ ರೋಗಿ ನಡೆಯುತ್ತಿರುವಾಗಲೇ ತಜ್ಞರು ದೂರದಿಂದ ನೋಡಿ ಮಾತಾಡುತ್ತಿದ್ದರು. ಡಿಸ್ಚಾರ್ಜ್ ದಿನ ಒಂದು ಲಿಂಕ್ ಕಳಿಸಿ ಕೈತೊಳೆದುಕೊಳ್ಳುವ ಕಾರ್ಯಕ್ರಮಕ್ಕೆ ಈ ಫಲಿತಾಂಶಗಳನ್ನು ಅಂಟಿಸಬೇಡಿ.

ಇನ್ನು ರೋಗಿಗಳ ಅನುಭವ. ಕೇಂದ್ರಕ್ಕೆ ಬರುವವರು ಮೊದಲ ವಾರಗಳಲ್ಲಿ ಉಪಕರಣಗಳ ಬಗ್ಗೆ ಮಾತಾಡುವುದು ಕಡಿಮೆ. ಅವರಿಗೆ ಬೇಕಾದದ್ದು, ಏದುಸಿರು ಬಂದಾಗ "ಇದು ವ್ಯಾಯಾಮದ ಏದುಸಿರು, ಹೃದಯಾಘಾತದ್ದಲ್ಲ" ಎಂದು ಇಸಿಜಿ ಪರದೆ ನೋಡಿ ಹೇಳುವ ಒಂದು ದನಿ. ಹೃದಯಾಘಾತವಾದ ಮೇಲೆ ಎದೆಬಡಿತ ಹೆಚ್ಚಿದರೆ ಸಾಕು, ಹೆದರಿ ಕೂತುಬಿಡುವವರು ಬಹಳ. ಮನೆಯವರೂ "ಮಲಗಿ, ಏಳಬೇಡಿ" ಎನ್ನುತ್ತಾರೆ. ಪಕ್ಕದ ಸೈಕಲ್ ಮೇಲೆ ಅದೇ ಗಾಯದ ಗುರುತಿರುವ ಇನ್ನೊಬ್ಬರು ಹತ್ತನೇ ವಾರದಲ್ಲಿ ಆರಾಮಾಗಿ ತುಳಿಯುವುದನ್ನು ನೋಡಿದಾಗ ಬರುವ ಧೈರ್ಯ ಯಾವ ಕರಪತ್ರದಿಂದಲೂ ಬಾರದು. ಮನೆಯ ಕಾರ್ಯಕ್ರಮಗಳಲ್ಲಿ ರೋಗಿಗಳು ಹೆಚ್ಚಾಗಿ ಕಳೆದುಕೊಳ್ಳುವುದು ಇದನ್ನೇ. ಅದನ್ನು ತುಂಬಿಕೊಡಲು ಸಾಧ್ಯವಿದೆ, ಆದರೆ ತಾನಾಗಿ ತುಂಬಿಕೊಳ್ಳುವುದಿಲ್ಲ.

ಹಾಗಿದ್ದೂ ಕೇಂದ್ರವನ್ನು ಅರ್ಧಕ್ಕೇ ಬಿಡುವವರು ಯಾಕೆ ಬಿಡುತ್ತಾರೆ? 36 ಅವಧಿಗಳ, ವಾರಕ್ಕೆ ಮೂರರಂತೆ 12 ವಾರಗಳ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ವ್ಯಾಯಾಮ ಒಂದು ಗಂಟೆಯದು. ಹೋಗಿಬರುವುದು, ಕಾಯುವುದು, ಬಿಪಿ ನೋಡಿಸಿಕೊಳ್ಳುವುದು ಸೇರಿದರೆ ಅರ್ಧ ದಿನ ಹೋಗುತ್ತದೆ. ಕೆಲಸಕ್ಕೆ ಮರಳಿದವರಿಗೆ ಬೆಳಗ್ಗೆ 11ರ ಅವಧಿ ಇದ್ದೂ ಇಲ್ಲದಂತೆ. ಮನೆಯಲ್ಲಿ ಇನ್ನೊಬ್ಬರನ್ನು ನೋಡಿಕೊಳ್ಳುವ ಹೊಣೆ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ಮೂರು ಅರ್ಧ ದಿನಗಳು ಎಲ್ಲಿಂದ ಬರಬೇಕು? ಹದಿನೈದು ಗಂಡಸರ ತಂಡದಲ್ಲಿ ತಾನೊಬ್ಬಳೇ ಹೆಂಗಸು ಎಂಬ ಸಂಕೋಚ ಬೇರೆ. ನಲವತ್ತರ ಒಳಗಿನ ರೋಗಿಗಳು ತಂಡದ ಸರಾಸರಿ ವಯಸ್ಸು ನೋಡಿಯೇ ಹಿಂದೆ ಸರಿಯುತ್ತಾರೆ. ಹೆಂಗಸರು, ವಯಸ್ಸಾದವರು, ದೂರದಲ್ಲಿರುವವರು ಪುನಶ್ಚೇತನಕ್ಕೆ ಕಡಿಮೆ ಬರುತ್ತಾರೆ ಎಂಬುದು ದೇಶದಿಂದ ದೇಶಕ್ಕೆ ಮತ್ತೆ ಮತ್ತೆ ಕಂಡುಬಂದ ಸಂಗತಿ. ಇವರಲ್ಲಿ ಅನೇಕರಿಗೆ ಕೇಂದ್ರವೋ ಮನೆಯೋ ಎಂಬ ಆಯ್ಕೆಯೇ ಇಲ್ಲ. ಮನೆಗೆ ಮುಟ್ಟಿದರೆ ಉಂಟು, ಇಲ್ಲವಾದರೆ ಇಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟವಾಗುವುದು ಮಾತ್ರ ಕಾರ್ಯಕ್ರಮ ಶುರುವಾಗುವ ಮೊದಲೇ, ಡಿಸ್ಚಾರ್ಜ್ ಮತ್ತು ಮೊದಲ ಭೇಟಿಯ ನಡುವಿನ ಅಂತರದಲ್ಲಿ. 2013ರಲ್ಲಿ ಪ್ರಕಟವಾದ ಒಂದು ಯಾದೃಚ್ಛಿಕ ಪ್ರಯೋಗದಲ್ಲಿ (ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗ), ಡಿಸ್ಚಾರ್ಜ್ ಆಗಿ ಸುಮಾರು ಹತ್ತು ದಿನಗಳೊಳಗೆ ಸಮಯ ಕೊಟ್ಟವರಲ್ಲಿ ಮೊದಲ ಭೇಟಿಗೆ ಬಂದವರು ನೂರಕ್ಕೆ 77, ಐದಾರು ವಾರ ಬಿಟ್ಟು ಸಮಯ ಕೊಟ್ಟವರಲ್ಲಿ 59. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ, ಬದಲಾಗಿದ್ದು ದಿನಾಂಕ ಮಾತ್ರ. ಆದ್ದರಿಂದ ಡಿಸ್ಚಾರ್ಜ್ ಸಾರಾಂಶದಲ್ಲಿ "ಪುನಶ್ಚೇತನಕ್ಕೆ ಸಂಪರ್ಕಿಸಿ" ಎಂಬ ಒಂದು ಸಾಲು ಸಾಲದು. ಅರ್ಹ ರೋಗಿಯ ಹೆಸರು ವೈದ್ಯರ ನೆನಪನ್ನು ಕಾಯದೆ ತಾನಾಗಿ ಪುನಶ್ಚೇತನದ ಪಟ್ಟಿಗೆ ಹೋಗಬೇಕು, ವಾರ್ಡಿನಲ್ಲಿರುವಾಗಲೇ ಒಬ್ಬರು ಹಾಸಿಗೆಯ ಬಳಿ ಬಂದು ಮಾತಾಡಬೇಕು, ಕೈಯಲ್ಲಿ ದಿನಾಂಕ ಮತ್ತು ಫೋನ್ ಸಂಖ್ಯೆ ಇಟ್ಟುಕೊಂಡೇ ರೋಗಿ ಮನೆಗೆ ಹೋಗಬೇಕು.

ಮನೆಯ ಕಾರ್ಯಕ್ರಮ ಹಾಳಾಗುವುದು ಎಲ್ಲಿ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ಸಭೆಗಳಲ್ಲಿ ಚರ್ಚೆಯಾಗುವುದಿಲ್ಲ.

ಮೊದಲನೆಯದು ನಾಡಿಬಡಿತದ ಗುರಿ. ಹಲವು ಆ್ಯಪ್‌ಗಳು ಮತ್ತು ವಾಚ್‌ಗಳು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತ ಲೆಕ್ಕ ಹಾಕುತ್ತವೆ. 58 ವರ್ಷದವರಿಗೆ ಅದು 162. ವಿಶ್ರಾಂತಿಯ ಬಡಿತ 64 ಇದ್ದರೆ, ಮೀಸಲು ಬಡಿತದ (ಗರಿಷ್ಠ ಬಡಿತದಲ್ಲಿ ವಿಶ್ರಾಂತಿಯ ಬಡಿತ ಕಳೆದು ಉಳಿದದ್ದು) ಶೇಕಡಾ 70ನ್ನು ವಿಶ್ರಾಂತಿಯ ಬಡಿತಕ್ಕೆ ಕೂಡಿಸಿದಾಗ ಗುರಿ ಸುಮಾರು 133 ಬರುತ್ತದೆ. ಆದರೆ ಹೃದಯಾಘಾತವಾದ ಅನೇಕರು ಬೀಟಾ ಬ್ಲಾಕರ್ ಮಾತ್ರೆಯಲ್ಲಿರುತ್ತಾರೆ. ಅದು ಬಡಿತವನ್ನು ಏರಗೊಡುವುದಿಲ್ಲ. ಇದೇ ರೋಗಿ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಪೂರ್ತಿ ದಣಿದಾಗ ಮುಟ್ಟಿದ್ದು 124 ಎಂದಿಟ್ಟುಕೊಳ್ಳಿ. 124ರಲ್ಲಿ 64 ಕಳೆದರೆ 60. ಅದರ ಶೇಕಡಾ 40ರಿಂದ 70ನ್ನು 64ಕ್ಕೆ ಕೂಡಿಸಿದರೆ ಸರಿಯಾದ ವ್ಯಾಪ್ತಿ 88ರಿಂದ 106. ಆ್ಯಪ್ ಕೇಳುತ್ತಿರುವ 133 ಇವರ ಹೃದಯ ಮುಟ್ಟಬಲ್ಲ ಮಿತಿಗಿಂತಲೂ ಮೇಲಿದೆ. "ಇನ್ನೂ ಜೋರಾಗಿ ನಡೆಯಿರಿ" ಎಂದು ಫೋನ್ ಹೇಳುತ್ತಲೇ ಇರುತ್ತದೆ. ಕೆಲವರು ಹಟ ಹಿಡಿದು ಓಡುತ್ತಾರೆ, ಹೆಚ್ಚಿನವರು "ನನ್ನ ಹೃದಯ ಇನ್ನು ಇಷ್ಟೇ" ಎಂದು ನೊಂದು ಬಿಟ್ಟುಬಿಡುತ್ತಾರೆ. ಪರಿಹಾರ ಕಷ್ಟದ್ದಲ್ಲ. ಪರೀಕ್ಷೆಯನ್ನು ದಿನನಿತ್ಯದ ಮಾತ್ರೆ ನುಂಗಿದ ಸ್ಥಿತಿಯಲ್ಲೇ ಮಾಡಿ, ಬಂದ ಅಂಕಿಯನ್ನು ಆ್ಯಪ್‌ಗೆ ಕೈಯಾರೆ ತುಂಬಬೇಕು. ಮಾತ್ರೆಯ ಪ್ರಮಾಣ ಬದಲಾದ ದಿನ ಗುರಿಯನ್ನೂ ಬದಲಿಸಬೇಕು. ಪರೀಕ್ಷೆಯಾಗದೆ ಗುರಿ ಕೊಡುವುದಾದರೆ ವಿಶ್ರಾಂತಿಯ ಬಡಿತಕ್ಕೆ 20ರಿಂದ 30 ಕೂಡಿಸಿದ ಮಿತಿ ಸಾಕು. ಐಸಿಡಿ, ಅಂದರೆ ಲಯ ಅಪಾಯಕಾರಿಯಾಗಿ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಯಂತ್ರವನ್ನು ಎದೆಯೊಳಗೆ ಅಳವಡಿಸಿದವರಲ್ಲಿ ಅದು ಶಾಕ್ ಕೊಡಲು ನಿಗದಿಯಾದ ಬಡಿತಕ್ಕಿಂತ ಕನಿಷ್ಠ 10 ಕೆಳಗೆ ಮೇಲ್ಮಿತಿ ಇರಬೇಕು. ಆ ಸಂಖ್ಯೆ ಗೊತ್ತಿಲ್ಲದೆ ಐಸಿಡಿ ಇರುವವರಿಗೆ ಮನೆಯ ವ್ಯಾಯಾಮ ಬರೆದುಕೊಡಲೇಬಾರದು.

ವಾಚಿನ ಅಂಕಿಯೂ ಪೂರ್ತಿ ನಂಬುವಂಥದ್ದಲ್ಲ. ಮಣಿಕಟ್ಟಿನ ಬೆಳಕಿನ ಸೆನ್ಸರ್ ಪಟ್ಟಿ ಸಡಿಲವಾದರೆ, ಕೈ ತಣ್ಣಗಿದ್ದರೆ, ತೋಳು ಜೋರಾಗಿ ಬೀಸಿದರೆ ತಪ್ಪು ತೋರಿಸುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷ ಇರುವವರಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ನಿಖರ, ಆದರೆ ಬೈಪಾಸ್ ಗಾಯ ಹಸಿಯಿರುವಾಗ ಕಟ್ಟಲಾಗದು. ಅದಕ್ಕೇ ಎಷ್ಟು ಶ್ರಮವಾಗುತ್ತಿದೆ ಎಂಬುದನ್ನು ರೋಗಿಯೇ ಅಂಕಿಯಲ್ಲಿ ಹೇಳುವ ಬೋರ್ಗ್ ಅಳತೆಯನ್ನು ಕಲಿಸುವುದು ಕಡ್ಡಾಯವಾಗಬೇಕು. 6ರಿಂದ 20ರವರೆಗಿನ ಈ ಅಳತೆಯಲ್ಲಿ 11ರಿಂದ 14ರ ನಡುವೆ, ಅಂದರೆ "ಹಗುರ"ದಿಂದ "ತುಸು ಕಷ್ಟ"ದವರೆಗೆ ಇರಬೇಕು. ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಕಾಗಬೇಕು, ಹಾಡಲು ಸಾಕಾಗಬಾರದು. ಇದನ್ನು ವಿಡಿಯೊ ನೋಡಿ ಕಲಿಯುವುದು ಕಷ್ಟ. ಟ್ರೆಡ್‌ಮಿಲ್ ಮೇಲೆ ನಿಂತು "ಈಗ ಎಷ್ಟು?" ಎಂದು ಕೇಳಿಸಿಕೊಂಡು, ತಾನು ಹೇಳಿದ ಸಂಖ್ಯೆಯನ್ನು ನಾಡಿಬಡಿತದ ಪಕ್ಕ ಇಟ್ಟು ನೋಡಿದವರಿಗೆ ಎರಡು ಮೂರು ಭೇಟಿಯಲ್ಲಿ ಸಿದ್ಧಿಸುತ್ತದೆ. ಮನೆಯ ಕಾರ್ಯಕ್ರಮದ ಮೊದಲ ಕೆಲವು ಅವಧಿಗಳಾದರೂ ಕೇಂದ್ರದಲ್ಲಿ ಆಗಬೇಕು ಎಂದು ನಾವು ಪಟ್ಟುಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ.

ಎರಡನೆಯದು, ಮನೆಯಲ್ಲಿ ವ್ಯಾಯಾಮದ ಎರಡೂ ತುದಿ ಕತ್ತರಿಸಿಹೋಗುತ್ತವೆ. 15 ನಿಮಿಷದ ನಿಧಾನ ಆರಂಭ, ಕೊನೆಗೆ 10 ನಿಮಿಷದ ನಿಧಾನ ಇಳಿತ ಇರಬೇಕು. ಬಿಡುವಿಲ್ಲದವರು ನಡುವಿನ ಇಪ್ಪತ್ತು ನಿಮಿಷ ಮಾತ್ರ ಮಾಡಿ ಎದ್ದುಬಿಡುತ್ತಾರೆ. ಜೋರಾದ ನಡಿಗೆಯಿಂದ ಥಟ್ಟನೆ ನಿಂತರೆ ಹಿಗ್ಗಿದ ಕಾಲಿನ ರಕ್ತನಾಳಗಳಲ್ಲಿ ರಕ್ತ ನಿಂತು ಬಿಪಿ ಕುಸಿಯುತ್ತದೆ, ತಲೆ ಸುತ್ತುತ್ತದೆ, ಲಯ ತಪ್ಪುವ ಸಂಭವವೂ ಹೆಚ್ಚು. ಬಿಪಿ ಮಾತ್ರೆ, ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಔಷಧ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಬೇಗ. ಆ್ಯಪ್ ಬರೆಯುವವರು ದಯವಿಟ್ಟು ಈ ಎರಡು ಭಾಗಗಳಿಗೆ "ಮುಂದಕ್ಕೆ ಹೋಗು" ಗುಂಡಿಯನ್ನು ಇಡಬೇಡಿ. ನೆಲದ ಮೇಲೆ ಮಲಗಿ ಮಾಡುವ ವ್ಯಾಯಾಮಗಳನ್ನೂ ಮೊದಲ ವಾರಗಳಲ್ಲಿ ಬಿಡಬೇಕು. ಮಲಗಿ ಎದ್ದಾಗಲೇ ತಲೆ ಸುತ್ತಿ ಬೀಳುವುದು. ಕುರ್ಚಿ ಬಳಸುವುದಾದರೆ ಅದರ ಬೆನ್ನು ಗೋಡೆಗೆ ತಾಗಿರಲಿ.

ಮೂರನೆಯದು, ಕಳಿಸಿದ ಅಂಕಿಗೆ ಉತ್ತರವಿಲ್ಲದಿರುವುದು. ಇದರ ಬಗ್ಗೆ ನಮಗೆ ಎಲ್ಲಕ್ಕಿಂತ ಹೆಚ್ಚು ಕಳವಳ. ರೋಗಿ ಬೆಳಗ್ಗೆ ಬಿಪಿ, ತೂಕ, ನಾಡಿ ತುಂಬುತ್ತಾರೆ. ಆ್ಯಪ್ ಹಸಿರು ಗುರುತು ತೋರಿಸುತ್ತದೆ. ಅದನ್ನು ನೋಡಿದ ರೋಗಿ "ಆಸ್ಪತ್ರೆಯವರು ನೋಡಿದ್ದಾರೆ, ಎಲ್ಲ ಸರಿಯಿದೆ" ಎಂದು ತಿಳಿಯುತ್ತಾರೆ. ನಿಜಕ್ಕೂ ಅದು ದತ್ತಾಂಶ ಸರ್ವರ್ ಮುಟ್ಟಿತೆಂಬ ಗುರುತು ಅಷ್ಟೇ. ಹೃದಯ ವೈಫಲ್ಯ, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ, ಇರುವವರಲ್ಲಿ ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ತೂಕ ಏರಿದರೆ ಅದು ಮೈಯಲ್ಲಿ ನೀರು ತುಂಬುತ್ತಿರುವ ಸೂಚನೆ. ಶುಕ್ರವಾರ ಸಂಜೆ ತುಂಬಿದ ಆ ಅಂಕಿಯನ್ನು ಸೋಮವಾರ ತೆರೆದು ನೋಡಿದರೆ, ಅಷ್ಟರಲ್ಲಿ ರೋಗಿ ಏದುಸಿರು ಬಿಡುತ್ತ ತುರ್ತು ವಿಭಾಗದಲ್ಲಿರಬಹುದು. ಖಿನ್ನತೆಯ ಪ್ರಶ್ನಾವಳಿಯೂ ಹಾಗೆಯೇ. ಹೃದಯಾಘಾತದ ನಂತರ ಸುಮಾರು ಐವರಲ್ಲಿ ಒಬ್ಬರಿಗೆ ಗಂಭೀರ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಪಿಎಚ್‌ಕ್ಯೂ-9 ತುಂಬಿಸುವುದು ಸರಿಯೇ. ಆದರೆ ಅದರ ಒಂಬತ್ತನೆಯ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಇದೆ. ಅದಕ್ಕೆ "ಇಲ್ಲವೇ ಇಲ್ಲ" ಎಂಬುದನ್ನು ಬಿಟ್ಟು ಬೇರೆ ಉತ್ತರ ಬಂದರೆ ಅದೇ ದಿನ ಕರೆ ಮಾಡುವವರು ಇಲ್ಲದಿದ್ದಲ್ಲಿ ಆ ಫಾರಂ ಕಳಿಸುವ ಹಕ್ಕು ನಮಗಿಲ್ಲ. ಕೇಂದ್ರದಲ್ಲಿ ಕಾಗದದ ಮೇಲೆ ತುಂಬಿದರೆ ಎದುರಿಗಿರುವ ನರ್ಸ್ ಕಣ್ಣಿಗೆ ಬೀಳುತ್ತದೆ. ದೂರದಲ್ಲಿ ಆ ಕಣ್ಣು ಯಾರದು ಎಂಬುದನ್ನು ಮೊದಲೇ ನಿಗದಿ ಮಾಡಬೇಕು.

ಆದ್ದರಿಂದ ನಮ್ಮ ಮೊದಲ ಬೇಡಿಕೆ ಇದು. ಪ್ರತಿಯೊಬ್ಬ ದೂರದ ರೋಗಿಗೂ ಹೆಸರಿರುವ ಒಬ್ಬ ಹೊಣೆಗಾರರು ಇರಬೇಕು. ಅವರು ರಜೆಯಲ್ಲಿದ್ದರೆ ಬದಲಿ ಯಾರೆಂಬುದೂ ರೋಗಿಗೆ ಗೊತ್ತಿರಬೇಕು. ಸಾಮಾನ್ಯ ಸಂದೇಶಕ್ಕೆ ಮುಂದಿನ ಕೆಲಸದ ದಿನದೊಳಗೆ ಉತ್ತರ ಹೋಗಬೇಕು. ಮಿತಿ ಮೀರಿದ ಅಂಕಿ ಬಂದರೆ ಅದೇ ದಿನ ಫೋನ್ ಹೋಗಬೇಕು. ಯಾರೂ ನೋಡದ ಹೊತ್ತು ಯಾವುದು ಎಂಬುದನ್ನು ಆ್ಯಪಿನ ಮೊದಲ ಪರದೆಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ವಾರಕ್ಕೊಂದು ಕರೆಯನ್ನು ಕೆಲಸದ ಹೊರೆಯ ಲೆಕ್ಕದಲ್ಲಿ ಸೇರಿಸಿ. ಫೋನ್ ಸಮಾಲೋಚನೆಯನ್ನು "ಬಿಡುವಿನ ಹೊತ್ತಿನ ಕೆಲಸ" ಎಂದು ಎಣಿಸಿದ ಕಡೆಗಳಲ್ಲಿ ಮೊದಲು ನಿಲ್ಲುವುದು ಅದೇ.

ಸುರಕ್ಷತೆಯ ಬಗ್ಗೆ ಭಯ ಸಹಜ. ಮೇಲ್ವಿಚಾರಣೆಯ ವ್ಯಾಯಾಮದಲ್ಲಿ ಹೃದಯಸ್ತಂಭನ ತೀರಾ ಅಪರೂಪ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2007ರಲ್ಲಿ ಉಲ್ಲೇಖಿಸಿದ ಲೆಕ್ಕದಂತೆ ರೋಗಿಗಳೆಲ್ಲ ವ್ಯಾಯಾಮ ಮಾಡಿದ ಒಟ್ಟು ಲಕ್ಷಕ್ಕೂ ಹೆಚ್ಚು ಗಂಟೆಗಳಿಗೆ ಒಂದು. ಆದರೆ ಕೇಂದ್ರದಲ್ಲಿ ಶಾಕ್ ಕೊಟ್ಟು ಹೃದಯದ ಲಯ ಮರಳಿಸುವ ಡಿಫಿಬ್ರಿಲೇಟರ್ ಕೈಗೆಟಕುತ್ತದೆ, ಮನೆಯಲ್ಲಿ ಇಲ್ಲ. ಅದಕ್ಕೇ ಯಾರನ್ನು ಮನೆಯ ಕಾರ್ಯಕ್ರಮಕ್ಕೆ ಕಳಿಸುತ್ತೇವೆ ಎಂಬುದು ಮುಖ್ಯ. ವಿಶ್ರಾಂತಿಯಲ್ಲೂ ಎದೆನೋವು ಬರುವವರು, ಹತೋಟಿಗೆ ಬಾರದ ಹೃದಯ ವೈಫಲ್ಯ ಅಥವಾ ಲಯದೋಷ ಇರುವವರು, ವಿಶ್ರಾಂತಿಯ ಬಿಪಿ 180ರ ಮೇಲೆ ಅಥವಾ ಕೆಳಗಿನದು 110ರ ಮೇಲೆ ಇರುವವರು ಎಲ್ಲಿಯೂ ವ್ಯಾಯಾಮ ಶುರುಮಾಡಬಾರದು, ಮೊದಲು ವೈದ್ಯರು ನೋಡಬೇಕು. ಕಡಿಮೆ ಶ್ರಮಕ್ಕೇ ಇಸಿಜಿ ಬದಲಾಗುವವರು, ಹೃದಯಸ್ತಂಭನದಿಂದ ಬದುಕುಳಿದವರು, ಹೃದಯದ ಪಂಪಿಂಗ್ ತೀರಾ ಕುಗ್ಗಿದವರು ಕೇಂದ್ರದಲ್ಲಿ ಶುರುಮಾಡುವುದು ಮೇಲು. ಇದರರ್ಥ ಹೃದಯ ವೈಫಲ್ಯದವರಿಗೆ ಮನೆ ಬೇಡವೆಂದಲ್ಲ. ಪೋಲೆಂಡಿನ ಟೆಲಿರೆಹ್-ಎಚ್‌ಎಫ್ ಪ್ರಯೋಗದಲ್ಲಿ 850 ಹೃದಯ ವೈಫಲ್ಯ ರೋಗಿಗಳಲ್ಲಿ ಅರ್ಧದಷ್ಟು ಜನ ಒಂದು ವಾರ ಆಸ್ಪತ್ರೆಯಲ್ಲಿ, ನಂತರ ಎಂಟು ವಾರ ಮನೆಯಲ್ಲಿ ದೂರದ ನಿಗಾದಲ್ಲಿ ಪುನಶ್ಚೇತನ ಪಡೆದರು, ವ್ಯಾಯಾಮದ ಶಕ್ತಿ ಸುಧಾರಿಸಿತು. ನಂತರದ ಸಾವು ಮತ್ತು ಆಸ್ಪತ್ರೆ ಸೇರ್ಪಡೆಯಲ್ಲಿ ಮಾಮೂಲು ಚಿಕಿತ್ಸೆಗಿಂತ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಲಾಭವನ್ನು ಇದ್ದಷ್ಟೇ ಹೇಳುವುದು ರೋಗಿಗಳಿಗೆ ನಾವು ಕೊಡಬೇಕಾದ ಗೌರವ.

ಮನೆಗೆ ಕಳಿಸುವ ಮುನ್ನ ಪ್ರತಿ ರೋಗಿಯೊಂದಿಗೆ ಕೂತು ಒಂದು ಪುಟದ ತುರ್ತು ಯೋಜನೆ ಬರೆಯಬೇಕು. ವ್ಯಾಯಾಮದ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ, ಚಿಲಕ ಒಳಗಿನಿಂದ ಹಾಕಬಾರದು, ಆಂಬುಲೆನ್ಸ್‌ಗೆ ಹೇಳಬೇಕಾದ ಪೂರ್ತಿ ವಿಳಾಸ, ಮನೆಯವರಲ್ಲಿ ಒಬ್ಬರಿಗೆ ಎದೆ ಒತ್ತುವ ಸಿಪಿಆರ್ ತರಬೇತಿ. ಎದೆನೋವು ಬಂದರೆ ಅಲ್ಲೇ ಕೂರಬೇಕು. ನಾಲಿಗೆ ಕೆಳಗಿನ ನೈಟ್ರೇಟ್ ಬರೆದುಕೊಟ್ಟಿದ್ದರೆ ಕೂತೇ ತೆಗೆದುಕೊಳ್ಳಬೇಕು, ನಿಂತು ತೆಗೆದುಕೊಂಡರೆ ಬಿಪಿ ಇಳಿದು ಬೀಳುವ ಭಯವಿದೆ. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ ಆಂಬುಲೆನ್ಸ್ ಕರೆಯಬೇಕು. ಮೊದಲು ನಮಗೆ ಸಂದೇಶ ಕಳಿಸಿ ಉತ್ತರಕ್ಕೆ ಕಾಯಬಾರದು. ಲೈಂಗಿಕ ಸಮಸ್ಯೆಗೆ ಬಳಸುವ ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು ನೈಟ್ರೇಟ್ ಬಳಸಿದರೆ ಬಿಪಿ ಅಪಾಯಕಾರಿಯಾಗಿ ಇಳಿಯುತ್ತದೆ. ಇದನ್ನು ಮನೆಯವರ ಮುಂದೆ ಕೇಳಿದರೆ ನಿಜವಾದ ಉತ್ತರ ಬರುವುದಿಲ್ಲ, ಒಂಟಿಯಾಗಿ ಕೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಸಕ್ಕರೆ ಕುಸಿದಾಗ ಬರುವ ಎದೆಬಡಿತ, ನಡುಕವನ್ನು ಬೀಟಾ ಬ್ಲಾಕರ್ ಮರೆಮಾಡುತ್ತದೆ, ಬೆವರು ಮಾತ್ರ ಉಳಿಯುತ್ತದೆ. ವ್ಯಾಯಾಮದಲ್ಲಿ ಬೆವರು ಸಹಜವಾದ್ದರಿಂದ ಅದನ್ನೂ ಗಮನಿಸುವುದಿಲ್ಲ. ವ್ಯಾಯಾಮಕ್ಕೆ ಮುಂಚೆ ಮತ್ತು ನಂತರ ಸಕ್ಕರೆ ನೋಡಿಕೊಳ್ಳದೆ ಇದು ತಿಳಿಯುವ ದಾರಿಯಿಲ್ಲ.

ಬೈಪಾಸ್ ಆದವರ ದೂರು ಬೇರೆ. ಎದೆಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು. "ಭಾರ ಎತ್ತಬೇಡಿ" ಎಂದಷ್ಟೇ ಹೇಳಿ ಕಳಿಸಿದರೆ ಕೈಯನ್ನೇ ಎತ್ತದೆ, ಭುಜ ಮುಂದಕ್ಕೆ ಬಾಗಿಸಿಕೊಂಡು ಕೂರುತ್ತಾರೆ. ಎರಡು ತಿಂಗಳಲ್ಲಿ ಭುಜ ಬಿಗಿದು, ಗಾಯದ ನೋವಿಗಿಂತ ಆ ನೋವೇ ದೊಡ್ಡದಾಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಹತ್ತಿರ ಇಟ್ಟುಕೊಂಡು ಏನೆಲ್ಲ ಮಾಡಬಹುದು ಎಂಬುದನ್ನು ತೋರಿಸಿಕೊಡಬೇಕು, ಬಾಯಲ್ಲಿ ಹೇಳಿದರೆ ಸಾಲದು. ಎದೆಮೂಳೆಯಲ್ಲಿ "ಟಕ್" ಎನ್ನುವ ಸದ್ದು, ಗಾಯದಿಂದ ಒಸರುವಿಕೆ, ಜ್ವರ ಇವನ್ನು ವಿಡಿಯೊದಲ್ಲಿ ನೋಡಿ ನಿರ್ಧರಿಸಬಾರದು. ಅಂಥವರನ್ನು ಅದೇ ದಿನ ಕರೆಸಿಕೊಂಡು ಕೈಯಿಟ್ಟು ನೋಡಬೇಕು.

ಅಳತೆಗಳ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಆರು ನಿಮಿಷದ ನಡಿಗೆ ಪರೀಕ್ಷೆಗೆ 30 ಮೀಟರ್ ನೇರ ಜಾಗ ಬೇಕು. ಮನೆಯ ಸಣ್ಣ ಹಜಾರದಲ್ಲಿ ತಿರುವು ಹೆಚ್ಚಾಗಿ ದೂರ ಕಡಿಮೆ ಬರುತ್ತದೆ. ಮೊದಲ ಅಳತೆ ಕೇಂದ್ರದಲ್ಲಿ, ಕೊನೆಯದು ಮನೆಯಲ್ಲಿ ಮಾಡಿ ಹೋಲಿಸಿದರೆ ಸುಧಾರಿಸಿದ ರೋಗಿಯೂ ಹಿಂದೆ ಬಿದ್ದಂತೆ ಕಾಣುತ್ತಾರೆ. ಮನೆಯಲ್ಲಿ ಒಂದು ನಿಮಿಷದ ಕೂತು-ಏಳುವ ಪರೀಕ್ಷೆಯೇ ಮೇಲು, ಎರಡೂ ಸಲ ಅದೇ ಕುರ್ಚಿ ಇರಬೇಕು ಅಷ್ಟೇ. ಬಿಪಿ ಯಂತ್ರ ಮೇಲ್ತೋಳಿನದಾಗಿರಲಿ, ತೋಳಿನ ಸುತ್ತಳತೆಗೆ ಸರಿಯಾದ ಪಟ್ಟಿ ಕೊಡಿ. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ವಿಡಿಯೊ ಅವಧಿಯಲ್ಲಿ ಫೋನನ್ನು ಮುಖದ ಮುಂದೆ ಇಟ್ಟರೆ ಪ್ರಯೋಜನವಿಲ್ಲ, ಓರೆಯಾಗಿ ಇಟ್ಟು ತಲೆಯಿಂದ ಪಾದದವರೆಗೆ ಕಾಣಬೇಕು.

ಸ್ಮಾರ್ಟ್‌ಫೋನ್ ಇಲ್ಲದವರನ್ನು, ಅಕ್ಷರ ಬಾರದವರನ್ನು, ಕಣ್ಣು ಮಂಜಾದವರನ್ನು ಕೈಬಿಡಬೇಡಿ. ಎಡಿನ್‌ಬರೋದ ಹಾರ್ಟ್ ಮ್ಯಾನ್ಯುಯಲ್ ಆ್ಯಪ್‌ಗಳ ಕಾಲಕ್ಕೂ ಬಹಳ ಮುಂಚಿನದು. ಮುದ್ರಿತ ಕೈಪಿಡಿ ಮತ್ತು ತರಬೇತಾದ ಸಹಾಯಕರ ಸಂಪರ್ಕ ಇಷ್ಟರಿಂದಲೇ ಅದು ಮನೆಯ ಪುನಶ್ಚೇತನವನ್ನು ನಡೆಸಿತು. ಸಾದಾ ಫೋನಿನಲ್ಲೂ ಒಳ್ಳೆಯ ಕಾರ್ಯಕ್ರಮ ಸಾಧ್ಯ, ಆ ಕಡೆಯಿಂದ ಕರೆ ಎತ್ತುವವರಿದ್ದರೆ. ಇನ್ನು ಮನೆಯಲ್ಲಿರುವವರಿಗೆ ಸಹರೋಗಿಗಳ ಒಡನಾಟ ಸಿಗಬೇಕಾದರೆ ಆರೆಂಟು ಜನರ ಗುಂಪು ವಿಡಿಯೊ ಅವಧಿಗಳನ್ನು ನಡೆಸಿ. ವ್ಯಾಯಾಮದ ನಂತರ ಹತ್ತು ನಿಮಿಷ ನಾವು ಸುಮ್ಮನಿದ್ದು ಅವರನ್ನು ಮಾತಾಡಲು ಬಿಟ್ಟರೆ ಸಾಕು, ಕೇಳಲು ಸಂಕೋಚಪಟ್ಟಿದ್ದ ಪ್ರಶ್ನೆಗಳು ಅಲ್ಲಿ ಹೊರಬರುತ್ತವೆ.

ಮಿಶ್ರ ಮಾದರಿಯೊಂದನ್ನು ನಾವು ಒತ್ತಾಯಿಸುತ್ತೇವೆ. ಡಿಸ್ಚಾರ್ಜ್ ಆದ ಎರಡು ವಾರದೊಳಗೆ ಕೇಂದ್ರದಲ್ಲಿ ತಪಾಸಣೆ, ಅಲ್ಲಿಯೇ ನಾಲ್ಕರಿಂದ ಆರು ಅವಧಿ, ಆಮೇಲೆ ರೋಗಿಯ ಅನುಕೂಲದಂತೆ ಮನೆ ಅಥವಾ ಕೇಂದ್ರ, ಆರನೇ ವಾರ ಒಮ್ಮೆ ಮುಖಾಮುಖಿ, ಹನ್ನೆರಡನೇ ವಾರ ಮತ್ತೊಮ್ಮೆ. ನಡುವೆ ದಾರಿ ಬದಲಿಸುವ ಅವಕಾಶವಿರಬೇಕು. ಮನೆಯಲ್ಲಿ ಹೆದರಿದವರು ಕೇಂದ್ರಕ್ಕೆ ಮರಳಲು, ಕೆಲಸ ಶುರುವಾದವರು ಮನೆಗೆ ಹೋಗಲು ಹೊಸದಾಗಿ ಅರ್ಜಿ ಹಾಕುವಂತಿರಬಾರದು. ವಿಮೆಯಲ್ಲೂ ಎರಡಕ್ಕೂ ಒಂದೇ ಮನ್ನಣೆ ಇರಲಿ. ಫೋನ್ ಕರೆಗೆ ಸಂದಾಯವಿಲ್ಲ, ಹಾಜರಿಗೆ ಮಾತ್ರ ಎಂಬ ನಿಯಮ ಇರುವವರೆಗೆ ಆಸ್ಪತ್ರೆಗಳು ರೋಗಿಯ ಅನುಕೂಲ ನೋಡುವುದು ಕಷ್ಟ.

ಹನ್ನೆರಡನೇ ವಾರದ ಕೊನೆಯ ಭೇಟಿಯನ್ನು ಪ್ರಮಾಣಪತ್ರ ಕೊಟ್ಟು ಮುಗಿಸುವ ರೂಢಿಯೂ ಬದಲಾಗಬೇಕು. ಎರಡೂ ಬಗೆಯ ರೋಗಿಗಳು "ಥಟ್ಟನೆ ಕೈಬಿಟ್ಟ ಹಾಗಾಯಿತು" ಎನ್ನುವುದು ಈ ಘಟ್ಟದಲ್ಲಿ. ಆ ದಿನ ರೋಗಿಯ ಕೈಯಲ್ಲಿ ಇರಬೇಕಾದದ್ದು: ಈಗಿನ ಔಷಧಗಳ ಪಟ್ಟಿ, ಮೊದಲ ಮತ್ತು ಕೊನೆಯ ಅಳತೆಗಳು, ಮುಂದಿನ ವ್ಯಾಯಾಮದ ನಾಡಿ ಮತ್ತು ಬೋರ್ಗ್ ಮಿತಿ, ಯಾವ ಲಕ್ಷಣಕ್ಕೆ ಯಾರನ್ನು ಕಾಣಬೇಕೆಂಬ ಟಿಪ್ಪಣಿ. ಇದೇ ಕಾಗದದ ಪ್ರತಿ ಅವರನ್ನು ಮುಂದೆ ನೋಡುವ ವೈದ್ಯರಿಗೂ ಹೋಗಬೇಕು. ಮೂರು ತಿಂಗಳು ಮತ್ತು ಆರು ತಿಂಗಳ ನಂತರದ ಎರಡು ಫೋನ್ ಕರೆಗಳ ದಿನಾಂಕವನ್ನು ಅದರ ಮೇಲೆಯೇ ಬರೆದಿರಬೇಕು.

ಇಂತಿ,
ಕೇಂದ್ರದಲ್ಲೂ ದೂರದಿಂದಲೂ ಹೃದಯ ಪುನಶ್ಚೇತನದ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್‌ಗಳು ಮತ್ತು ನರ್ಸ್‌ಗಳು